ದೇಶದ ಅಡುಗೆಮನೆ ಒಸಾಕಾ

ಮಕ್ಕಳೇ, ಹೊಸ ಊರಿಗೆ ಹೋದಾಗ ನೀವು ಮೊದಲು ಏನನ್ನು ಕೇಳುತ್ತೀರಿ? “ಇಲ್ಲಿ ನೋಡಲು ಏನೇನಿದೆ?” ಎಂದು ಕೆಲವರು ಕೇಳುತ್ತಾರೆ. “ಇಲ್ಲಿ ತಿನ್ನಲು ಏನು ಸಿಗುತ್ತದೆ?” ಎಂದು ಇನ್ನು ಕೆಲವರು ಕೇಳುತ್ತಾರೆ. ಎರಡನೆಯ ಪ್ರಶ್ನೆ ಕೇಳಿದವರನ್ನು ನೋಡಿ ನಾವು ನಗುತ್ತೇವೆ. ಆದರೆ ಅದೂ ಒಳ್ಳೆಯ ಪ್ರಶ್ನೆಯೇ. ಸೊಲ್ಲಾಪುರದ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ನೋಡಿರಿ. ಇದು ಮಳೆ ಕಡಿಮೆ ಬೀಳುವ ನಾಡು, ಇಲ್ಲಿ ಜೋಳ ಮತ್ತು ಶೇಂಗಾ ಬೆಳೆಯುತ್ತವೆ ಎಂದು ಆ ತಟ್ಟೆಯೇ ಹೇಳುತ್ತದೆ.

ಈ ಪಾಠದಲ್ಲಿ ನಾವು ಜಪಾನ್ ದೇಶದ ಒಂದು ದೊಡ್ಡ ನಗರಕ್ಕೆ ಹೋಗೋಣ. ಅಲ್ಲಿಯ ಕೋಟೆ, ಕಾಲುವೆ, ಪೇಟೆ, ಗುಡಿಗಳನ್ನು ನೋಡೋಣ. ಆ ಊರಿನ ಊಟವನ್ನೂ ತಿಳಿಯೋಣ. ಆ ಊರಿನ ಹೆಸರು ಒಸಾಕಾ.

ಊರಿಗೆ ದಾರಿ

ಜಪಾನ್ ನಮ್ಮ ಪೂರ್ವಕ್ಕಿರುವ ದ್ವೀಪಗಳ ದೇಶ. ಅಲ್ಲಿ ಸೂರ್ಯ ನಮಗಿಂತ ಮೊದಲೇ ಹುಟ್ಟುತ್ತಾನೆ. ನಮ್ಮ ಗಡಿಯಾರದಲ್ಲಿ ಬೆಳಗಿನ ಆರು ಗಂಟೆಯಾದಾಗ ಅಲ್ಲಿ ಒಂಬತ್ತೂವರೆ ಗಂಟೆಯಾಗಿರುತ್ತದೆ. ನೀವು ಹಾಸಿಗೆಯಿಂದ ಏಳುವಾಗ ಅಲ್ಲಿಯ ಮಕ್ಕಳು ಶಾಲೆಯಲ್ಲಿ ಕುಳಿತಿರುತ್ತಾರೆ.

ಜಪಾನಿನ ಅತಿ ದೊಡ್ಡ ದ್ವೀಪ ಹೊನ್ಶು. ಅದರ ನಡುಭಾಗದಿಂದ ತುಸು ಪಶ್ಚಿಮಕ್ಕೆ, ಸಮುದ್ರದ ದಂಡೆಯಲ್ಲಿ ಒಸಾಕಾ ಇದೆ. ಬಿವಾ ಎಂಬ ದೊಡ್ಡ ಸರೋವರದಿಂದ ಹೊರಡುವ ಯೋದೊ ನದಿ ಇಲ್ಲಿಗೆ ಬಂದು ಸಮುದ್ರ ಸೇರುತ್ತದೆ. 2020ರ ಜನಗಣತಿಯ ಪ್ರಕಾರ ಒಸಾಕಾ ನಗರದಲ್ಲಿ 27 ಲಕ್ಷಕ್ಕೂ ಹೆಚ್ಚು ಜನರಿದ್ದರು.

ಜಪಾನಿನ ರಾಜಧಾನಿ ಟೋಕಿಯೊದಿಂದ ಒಸಾಕಾಕ್ಕೆ ರೈಲಿನಲ್ಲಿ 500 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಸೊಲ್ಲಾಪುರದಿಂದ ಮುಂಬಯಿಗಿರುವ ದೂರಕ್ಕಿಂತ ಇದು ತುಸು ಜಾಸ್ತಿ. ಅಲ್ಲಿ ಶಿನ್‌ಕಾನ್ಸೆನ್ ಎಂಬ ಅತಿ ವೇಗದ ರೈಲು ಈ ದೂರವನ್ನು ಸುಮಾರು ಎರಡೂವರೆ ಗಂಟೆಯಲ್ಲಿ ಮುಟ್ಟುತ್ತದೆ. ಈ ರೈಲು 1964ರ ಅಕ್ಟೋಬರ್ 1ರಂದು ಓಡತೊಡಗಿತು. ಮುಂಬಯಿ ಮತ್ತು ಅಹಮದಾಬಾದ್ ನಡುವೆ ಜಪಾನಿನ ನೆರವಿನಿಂದ ಇಂಥದೇ ರೈಲುಮಾರ್ಗ ಕಟ್ಟಲು 2017ರಲ್ಲಿ ಶಂಕುಸ್ಥಾಪನೆಯಾಯಿತು.

ಒಸಾಕಾ ನಗರದೊಳಗೆ ಸುತ್ತಾಡಲು ಬಳೆಯಂತೆ ದುಂಡಗಿರುವ ಒಂದು ರೈಲುಮಾರ್ಗವಿದೆ. ಅದರ ಮೇಲೆ 19 ನಿಲ್ದಾಣಗಳಿವೆ. ಒಂದು ಸುತ್ತು ಸುಮಾರು 22 ಕಿಲೋಮೀಟರ್. ಹತ್ತಿ ಕುಳಿತರೆ ಸುಮಾರು 40 ನಿಮಿಷದಲ್ಲಿ ಹೊರಟ ನಿಲ್ದಾಣಕ್ಕೇ ಮರಳಿ ಬರುತ್ತೀರಿ. ಬಳೆಯ ಉತ್ತರ ತುದಿಯಲ್ಲಿ ಒಸಾಕಾ ಎಂಬ ಹೆಸರಿನ ನಿಲ್ದಾಣವೇ ಇದೆ. ಆ ಭಾಗಕ್ಕೆ ಉಮೆದಾ ಎನ್ನುತ್ತಾರೆ. ಅಲ್ಲಿಂದ ನಮ್ಮ ಸುತ್ತಾಟವನ್ನು ಆರಂಭಿಸೋಣ.

ಕೋಟೆ

ಮೊದಲು ಬಳೆಯ ಪೂರ್ವ ಭಾಗಕ್ಕೆ ಬನ್ನಿರಿ. ಹಸಿರು ಮಾಡು, ಬಿಳಿ ಗೋಡೆಗಳ ಎತ್ತರದ ಗೋಪುರ ಕಾಣುತ್ತದೆ. ಅದೇ ಒಸಾಕಾ ಕೋಟೆ. ಇದನ್ನು ತೊಯೊತೊಮಿ ಹಿದೆಯೋಶಿ ಎಂಬ ನಾಯಕನು 1583ರಲ್ಲಿ ಕಟ್ಟಿಸತೊಡಗಿದನು. ಅವನು ಬಡ ಕುಟುಂಬದಲ್ಲಿ ಹುಟ್ಟಿ, ತನ್ನ ಜಾಣ್ಮೆಯಿಂದ ಇಡೀ ಜಪಾನನ್ನು ಒಂದುಗೂಡಿಸಿದವನು. ಕೋಟೆಯ ಸುತ್ತ ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದನು. ಹೀಗೆ ಊರು ಬೆಳೆಯಿತು.

1615ರ ಯುದ್ಧದಲ್ಲಿ ಕೋಟೆ ಸುಟ್ಟುಹೋಯಿತು. ಮುಂದೆ ಗೆದ್ದವರು ಅದನ್ನು ಹೊಸದಾಗಿ ಕಟ್ಟಿದರು. 1665ರಲ್ಲಿ ಗೋಪುರಕ್ಕೆ ಸಿಡಿಲು ಬಡಿದು ಮತ್ತೆ ಸುಟ್ಟಿತು. ಆಮೇಲೆ 250 ವರ್ಷಗಳಿಗಿಂತ ಹೆಚ್ಚು ಕಾಲ ಅಲ್ಲಿ ಗೋಪುರವೇ ಇರಲಿಲ್ಲ. ಈಗ ನಾವು ನೋಡುವ ಗೋಪುರವನ್ನು 1931ರಲ್ಲಿ ಕಟ್ಟಿದರು. ಅದನ್ನು ಕಟ್ಟಿಸಿದವನು ರಾಜನಲ್ಲ. ಊರಿನ ಜನರೇ ವಂತಿಗೆ ಕೂಡಿಸಿ ಕಟ್ಟಿಸಿದರು.

ಕೋಟೆಯ ಬಾಗಿಲಿನ ಹತ್ತಿರ ಗೋಡೆಯಲ್ಲಿ ಒಂದು ಭಾರಿ ಕಲ್ಲು ಇದೆ. ಅದರ ತೂಕ 100 ಟನ್‌ಗಿಂತ ಹೆಚ್ಚು ಎಂದು ಅಂದಾಜು. ಅದರ ಮೇಲಿನ ಕಲೆಯೊಂದು ಎಂಟು ಕಾಲಿನ ಆಕ್ಟೋಪಸ್‌ನಂತೆ ಕಾಣುತ್ತದೆ. ಆದ್ದರಿಂದ ಅದಕ್ಕೆ ‘ಆಕ್ಟೋಪಸ್ ಕಲ್ಲು’ ಎಂದೇ ಹೆಸರು. ಕ್ರೇನ್ ಇಲ್ಲದ ಕಾಲದಲ್ಲಿ ಅದನ್ನು ಹಡಗಿನಲ್ಲಿ ತಂದು, ಹಗ್ಗ ಕಟ್ಟಿ ಎಳೆದು ನಿಲ್ಲಿಸಿದರು.

ಅಡುಗೆಮನೆ ಎಂಬ ಹೆಸರು ಹೇಗೆ ಬಂತು?

ಕೋಟೆಯಿಂದ ನದಿಯ ಹರಿವಿನ ಜೊತೆಗೇ ಪಶ್ಚಿಮಕ್ಕೆ ನಡೆಯಿರಿ. ನದಿಯು ಎರಡಾಗಿ ಸೀಳುತ್ತದೆ. ನಡುವೆ ಉದ್ದನೆಯ, ಸಪೂರವಾದ ನಡುಗಡ್ಡೆ ಇದೆ. ಅದರ ಹೆಸರು ನಾಕಾನೊಶಿಮಾ. ಈಗ ಅಲ್ಲಿ ನಗರಸಭೆಯ ಕಚೇರಿ, ಗ್ರಂಥಾಲಯ, ಉದ್ಯಾನಗಳಿವೆ. ಆದರೆ 300 ವರ್ಷಗಳ ಹಿಂದೆ ಇದರ ಸುತ್ತಮುತ್ತಲೂ ಸಾಲುಸಾಲಾಗಿ ಉಗ್ರಾಣಗಳಿದ್ದವು.

ಆ ಕಾಲದಲ್ಲಿ ಜಪಾನಿನ ರೈತರು ಕಂದಾಯವನ್ನು ಅಕ್ಕಿಯ ರೂಪದಲ್ಲಿ ಕೊಡುತ್ತಿದ್ದರು. ಬೇರೆ ಬೇರೆ ಪ್ರಾಂತಗಳ ಒಡೆಯರು ಆ ಅಕ್ಕಿಯನ್ನು ಹಡಗುಗಳಲ್ಲಿ ತುಂಬಿ ಒಸಾಕಾಕ್ಕೆ ಕಳಿಸುತ್ತಿದ್ದರು. ಇಲ್ಲಿ ಅಕ್ಕಿ ಮಾರಿ ಹಣ ಮಾಡಿಕೊಳ್ಳುತ್ತಿದ್ದರು. ಅಕ್ಕಿ ಅಷ್ಟೇ ಅಲ್ಲ, ಎಣ್ಣೆ, ಉಪ್ಪು, ಮೀನು, ಹತ್ತಿ, ಕಟ್ಟಿಗೆ ಎಲ್ಲವೂ ಇಲ್ಲಿಗೆ ಬಂದು, ಇಲ್ಲಿಂದ ದೇಶಕ್ಕೆಲ್ಲ ಹೋಗುತ್ತಿದ್ದವು. ಅದಕ್ಕೇ ಒಸಾಕಾಕ್ಕೆ ‘ದೇಶದ ಅಡುಗೆಮನೆ’ ಎಂಬ ಹೆಸರು ಬಂತು.

1730ರಲ್ಲಿ ಇಲ್ಲಿಯ ದೋಜಿಮಾ ಎಂಬಲ್ಲಿ ಅಕ್ಕಿಯ ಪೇಟೆಗೆ ಸರಕಾರದ ಒಪ್ಪಿಗೆ ಸಿಕ್ಕಿತು. ಮುಂದೆ ಬರುವ ಅಕ್ಕಿಗೆ ಇಂದೇ ಬೆಲೆ ಕಟ್ಟುವ ವ್ಯಾಪಾರ ಅಲ್ಲಿ ನಡೆಯುತ್ತಿತ್ತು. ಆಗ ಟೆಲಿಫೋನ್ ಇರಲಿಲ್ಲ. ಅಕ್ಕಿಯ ಬೆಲೆಯನ್ನು ದೂರದ ಊರುಗಳಿಗೆ ತಿಳಿಸಲು ಗುಡ್ಡದಿಂದ ಗುಡ್ಡಕ್ಕೆ ಬಾವುಟ ಬೀಸುತ್ತಿದ್ದರು!

ಕಾಲುವೆಗಳ ಊರಲ್ಲಿ ಸೇತುವೆಗಳು ಬೇಕಲ್ಲವೇ? ಒಸಾಕಾಕ್ಕೆ ‘808 ಸೇತುವೆಗಳ ಊರು’ ಎಂಬ ಮಾತೇ ಇತ್ತು. ನಿಜವಾಗಿ ಇದ್ದುದು ಸುಮಾರು 200. ಬಹಳ ಇವೆ ಎಂದು ಹೇಳಲು 808 ಎನ್ನುತ್ತಿದ್ದರು. ಅವುಗಳಲ್ಲಿ ಸರಕಾರ ಕಟ್ಟಿಸಿದ್ದು 12 ಮಾತ್ರ. ಉಳಿದೆಲ್ಲವನ್ನೂ ಆಯಾ ಓಣಿಯ ವ್ಯಾಪಾರಿಗಳು, ನಿವಾಸಿಗಳು ತಮ್ಮ ಹಣದಿಂದ ಕಟ್ಟಿಸಿಕೊಂಡರು.

ಒಂದು ಬಟ್ಟಲು ಸಾರು

ಈಗ ಅಡುಗೆಮನೆಯ ಒಳಗೆ ಹೋಗೋಣ. ಜಪಾನಿನ ಉತ್ತರ ತುದಿಯಲ್ಲಿ ಹೊಕ್ಕಾಯ್ದೊ ಎಂಬ ದ್ವೀಪವಿದೆ. ಅಲ್ಲಿಯ ತಣ್ಣನೆಯ ಸಮುದ್ರದಲ್ಲಿ ‘ಕೊಂಬು’ ಎಂಬ ಸಸ್ಯ ಬೆಳೆಯುತ್ತದೆ. ಅದು ಉದ್ದನೆಯ ಪಟ್ಟಿಯಂತಿರುವ ಕಡಲಪಾಚಿ. ಅದನ್ನು ಒಣಗಿಸಿ ಹಡಗುಗಳಲ್ಲಿ ಒಸಾಕಾಕ್ಕೆ ತರುತ್ತಿದ್ದರು. ಒಸಾಕಾದಲ್ಲಿ ಕೊಂಬು ಬೆಳೆಯುವುದಿಲ್ಲ. ಆದರೂ ಇಲ್ಲಿಯ ಅಡುಗೆಗೆ ಅದೇ ಜೀವಾಳವಾಯಿತು.

ಕೊಂಬನ್ನು ನೀರಿನಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಒಣಮೀನಿನ ತೆಳುವಾದ ಹೆರಕಲುಗಳನ್ನು ಹಾಕಿ ಸೋಸುತ್ತಾರೆ. ಆಗ ತಿಳಿಯಾದ ಸಾರು ಸಿದ್ಧವಾಗುತ್ತದೆ. ಇದಕ್ಕೆ ‘ದಾಶಿ’ ಎನ್ನುತ್ತಾರೆ. ನಮ್ಮ ಅಡುಗೆಗೆ ಒಗ್ಗರಣೆ ಇದ್ದಂತೆ ಅವರ ಅಡುಗೆಗೆ ದಾಶಿ. 1908ರಲ್ಲಿ ಇಕೆದಾ ಕಿಕುನಾಯೆ ಎಂಬ ವಿಜ್ಞಾನಿ ಕೊಂಬಿನ ಸಾರಿನ ರುಚಿಯನ್ನು ಪರೀಕ್ಷಿಸಿದರು. ಅದು ಸಿಹಿಯಲ್ಲ, ಹುಳಿಯಲ್ಲ, ಉಪ್ಪಲ್ಲ, ಕಹಿಯೂ ಅಲ್ಲ ಎಂದು ಕಂಡುಕೊಂಡರು. ಆ ರುಚಿಗೆ ‘ಉಮಾಮಿ’ ಎಂಬ ಹೆಸರಿಟ್ಟರು.

ಈ ಸಾರಿನಲ್ಲಿ ಗೋಧಿಹಿಟ್ಟಿನ ದಪ್ಪ ಶಾವಿಗೆಯನ್ನು ಹಾಕಿದರೆ ‘ಉದೊನ್’ ಎಂಬ ತಿನಿಸಾಗುತ್ತದೆ. ಅದರ ಮೇಲೆ ಸೋಯಾ ಹಾಲಿನಿಂದ ಮಾಡಿದ, ಕರಿದ ಸಿಹಿ ತುಂಡನ್ನು ಇಟ್ಟರೆ ‘ಕಿತ್ಸುನೆ ಉದೊನ್’. ಕಿತ್ಸುನೆ ಎಂದರೆ ನರಿ. ಆ ಕರಿದ ತುಂಡು ನರಿಗೆ ಬಹಳ ಇಷ್ಟ ಎಂಬುದು ಜಪಾನಿನ ಜನರ ನಂಬಿಕೆ. ಅದಕ್ಕೇ ಈ ಹೆಸರು. ನರಿಯನ್ನು ಮಾತ್ರ ಅದರಲ್ಲಿ ಹಾಕುವುದಿಲ್ಲ, ಹೆದರಬೇಡಿರಿ!

ಅಡುಗೆಮನೆಯಲ್ಲಿ ಹಸಿವು

ಅಡುಗೆಮನೆಯಲ್ಲಿ ಅಕ್ಕಿ ತುಂಬಿದ್ದರೆ ಮನೆಯವರೆಲ್ಲ ಉಂಡಿದ್ದಾರೆ ಎಂದು ಹೇಳಬಹುದೇ? ಹೇಳಲಾಗದು. ಒಸಾಕಾದ ಚರಿತ್ರೆಯಲ್ಲಿ ಇದಕ್ಕೊಂದು ಕಥೆಯಿದೆ.

1830ರ ದಶಕದಲ್ಲಿ ಜಪಾನಿನಲ್ಲಿ ಭೀಕರ ಬರಗಾಲ ಬಿತ್ತು. ಒಸಾಕಾದಲ್ಲಿ ಅಕ್ಕಿಯ ಬೆಲೆ ಏರಿತು. ಬಡವರು ಹಸಿವಿನಿಂದ ಸಾಯತೊಡಗಿದರು. ಆದರೆ ಅಧಿಕಾರಿಗಳು ಇಲ್ಲಿಯ ಅಕ್ಕಿಯನ್ನು ರಾಜಧಾನಿಗೆ ಸಾಗಿಸುತ್ತಿದ್ದರು. ಶ್ರೀಮಂತ ವ್ಯಾಪಾರಿಗಳ ಉಗ್ರಾಣಗಳಿಗೆ ಬೀಗ ಬಿದ್ದಿತ್ತು.

ಆಗ ಒಸಾಕಾದಲ್ಲಿ ಓಶಿಯೊ ಹೆಯಿಹಾಚಿರೊ ಎಂಬ ಗುರುಗಳಿದ್ದರು. ಹಿಂದೆ ಅವರು ನಗರದ ಕಾವಲು ಅಧಿಕಾರಿಯಾಗಿದ್ದರು. ಕೆಲಸ ಬಿಟ್ಟು ಮನೆಯಲ್ಲೇ ಶಾಲೆ ನಡೆಸುತ್ತಿದ್ದರು. ಜನರಿಗೆ ಅನ್ನ ಕೊಡಿರೆಂದು ಅವರು ಅಧಿಕಾರಿಗಳನ್ನು ಬೇಡಿಕೊಂಡರು. ಯಾರೂ ಕೇಳಲಿಲ್ಲ. ಕೊನೆಗೆ ತಾವು ಜೀವಮಾನವೆಲ್ಲ ಕೂಡಿಸಿದ್ದ ಪುಸ್ತಕಗಳನ್ನು ಮಾರಿ, ಬಂದ ಹಣವನ್ನು ಬಡವರಿಗೆ ಹಂಚಿದರು. 1837ರಲ್ಲಿ ಶಿಷ್ಯರೊಡನೆ ಮತ್ತು ರೈತರೊಡನೆ ಅಧಿಕಾರಿಗಳ ವಿರುದ್ಧ ದಂಗೆ ಎದ್ದರು. ಆ ದಂಗೆ ಒಂದೇ ದಿನದಲ್ಲಿ ಮುಗಿಯಿತು. ಊರಿನ ದೊಡ್ಡ ಭಾಗಕ್ಕೆ ಬೆಂಕಿ ಬಿದ್ದು ಬಡವರ ಮನೆಗಳೂ ಸುಟ್ಟವು. ಗುರುಗಳೂ ಉಳಿಯಲಿಲ್ಲ. ಬೆಂಕಿ ಹಚ್ಚಿದ್ದು ಸರಿಯೇ ಎಂದು ನೀವು ಕೇಳಬಹುದು. ಅದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿರಿ. ಆದರೆ ಹಸಿದವರಿಗಾಗಿ ತನ್ನ ಪುಸ್ತಕಗಳನ್ನೇ ಮಾರಿದ ಗುರುವನ್ನು ಒಸಾಕಾ ಇಂದಿಗೂ ನೆನೆಯುತ್ತದೆ.

ದೋತೊಂಬೊರಿಯ ದೀಪಗಳು

ನಾಕಾನೊಶಿಮಾದಿಂದ ದಕ್ಷಿಣಕ್ಕೆ ಮಿದೋಸುಜಿ ಎಂಬ ಅಗಲವಾದ ರಸ್ತೆ ಹೋಗುತ್ತದೆ. ಅದರ ಉದ್ದ ಸುಮಾರು 4 ಕಿಲೋಮೀಟರ್. ಎರಡೂ ಬದಿಗೆ ಗಿಂಕೊ ಮರಗಳ ಸಾಲು. ಚಳಿಗಾಲ ಬರುವ ಮುಂಚೆ ಅವುಗಳ ಎಲೆಗಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗುತ್ತವೆ. ಆ ರಸ್ತೆಯಲ್ಲಿ ನಡೆಯುತ್ತ ಹೋದರೆ ದೋತೊಂಬೊರಿ ಸಿಗುತ್ತದೆ.

ದೋತೊಂಬೊರಿ ಎಂಬುದು ಒಂದು ಕಾಲುವೆಯ ಹೆಸರು. 1612ರಲ್ಲಿ ದೋತೊನ್ ಎಂಬ ವ್ಯಾಪಾರಿ ಇದನ್ನು ತೋಡಿಸಲು ಆರಂಭಿಸಿದನು. ಕೆಲಸ ಮುಗಿಯುವ ಮೊದಲೇ ಅವನು ಕೋಟೆಯ ಯುದ್ಧದಲ್ಲಿ ಸತ್ತನು. ಅವನ ಬಂಧುಗಳು 1615ರಲ್ಲಿ ಕೆಲಸ ಪೂರ್ತಿ ಮಾಡಿದರು. ‘ಹೊರಿ’ ಎಂದರೆ ಕಾಲುವೆ. ದೋತೊನ್‌ನ ಕಾಲುವೆಯೇ ದೋತೊಂಬೊರಿ.

ಈಗ ಕಾಲುವೆಯ ಎರಡೂ ಬದಿಗೆ ತಿಂಡಿಯ ಅಂಗಡಿಗಳು. ಒಂದು ಅಂಗಡಿಯ ಮೇಲೆ ಕಾಲು ಆಡಿಸುವ ದೈತ್ಯ ಏಡಿ. ಇನ್ನೊಂದು ಕಡೆ ಎರಡೂ ಕೈ ಎತ್ತಿ ಓಡುತ್ತಿರುವ ಆಟಗಾರನ ದೊಡ್ಡ ಚಿತ್ರ. ಒಂದು ಮಿಠಾಯಿ ಕಂಪನಿಯ ಈ ಜಾಹೀರಾತು ಮೊದಲು ನಿಂತದ್ದು 1935ರಲ್ಲಿ. 2014ರಲ್ಲಿ ಹಾಕಿದ ಫಲಕ ಅದರ ಆರನೆಯ ರೂಪ. ರಾತ್ರಿ ಈ ದೀಪಗಳೆಲ್ಲ ನೀರಿನಲ್ಲಿ ಮೂಡಿ ಕುಣಿಯುತ್ತವೆ.

ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಬಿಸಿಬಿಸಿ ಊಟ ಇಟ್ಟಂತೆ ಕಾಣುತ್ತದೆ. ಅದು ನಿಜವಾದ ಊಟವಲ್ಲ, ಮಾದರಿ. 1932ರಲ್ಲಿ ಇವಾಸಾಕಿ ತಾಕಿಜೊ ಎಂಬವರು ಒಸಾಕಾದಲ್ಲಿ ಮೇಣದಿಂದ ಇಂಥ ಮಾದರಿಗಳನ್ನು ಮಾಡಿ ಅಂಗಡಿಗಳಿಗೆ ಕೊಡುವ ಉದ್ಯೋಗ ಆರಂಭಿಸಿದರು. ಈಗ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಭಾಷೆ ಬರದವರೂ ಬೆರಳು ತೋರಿಸಿ ಬೇಕಾದುದನ್ನು ಕೇಳಬಹುದು.

ಇಲ್ಲಿಯ ಹೆಸರಾದ ತಿಂಡಿ ‘ತಾಕೊಯಾಕಿ’. ತಾಕೊ ಎಂದರೆ ಆಕ್ಟೋಪಸ್, ಯಾಕಿ ಎಂದರೆ ಬೇಯಿಸಿದ್ದು. ನಿಮ್ಮ ಮನೆಯಲ್ಲಿ ಪಡ್ಡು ಮಾಡುವ ಕುಳಿಗಳ ಹಂಚು ಇದೆಯೇ? ತಾಕೊಯಾಕಿಯ ಹಂಚೂ ಹಾಗೆಯೇ ಇರುತ್ತದೆ. ಕುಳಿಗಳಲ್ಲಿ ಗೋಧಿಹಿಟ್ಟಿನ ತೆಳು ಹಿಟ್ಟು ಹೊಯ್ದು, ಒಂದೊಂದರಲ್ಲಿ ಆಕ್ಟೋಪಸ್‌ನ ಒಂದು ಚೂರು ಹಾಕಿ, ಚೂಪಾದ ಕಡ್ಡಿಯಿಂದ ಸರಸರನೆ ತಿರುಗಿಸುತ್ತಾರೆ. ಹಿಟ್ಟು ಚೆಂಡಿನಂತೆ ದುಂಡಗಾಗುತ್ತದೆ. ಇದನ್ನು 1935ರಲ್ಲಿ ಒಸಾಕಾದ ಎಂಡೊ ತೊಮೆಕಿಚಿ ಎಂಬ ಅಂಗಡಿಕಾರರು ಮಾರತೊಡಗಿದರು.

ಇನ್ನೊಂದು ತಿನಿಸು ‘ಒಕೊನೊಮಿಯಾಕಿ’. ಒಕೊನೊಮಿ ಎಂದರೆ ‘ನಿಮಗೆ ಇಷ್ಟವಾದದ್ದು’. ಹಿಟ್ಟಿಗೆ ಹೆಚ್ಚಿದ ಕೋಸುಗಡ್ಡೆ, ಮೊಟ್ಟೆ, ಮೇಲೆ ತಮಗೆ ಬೇಕಾದುದನ್ನು ಸೇರಿಸಿ, ಕಾದ ಹಂಚಿನ ಮೇಲೆ ದಪ್ಪ ದೋಸೆಯಂತೆ ಬೇಯಿಸುತ್ತಾರೆ. ಎಷ್ಟೋ ಅಂಗಡಿಗಳಲ್ಲಿ ಹಂಚು ನಿಮ್ಮ ಮೇಜಿನಲ್ಲೇ ಇರುತ್ತದೆ.

ಗದ್ದಲದ ಈ ಪೇಟೆಯ ಹಿಂದೆಯೇ ಕಲ್ಲು ಹಾಸಿದ ಚಿಕ್ಕ ಓಣಿ ಇದೆ. ಅಲ್ಲಿ ಹೋಜೆಂಜಿ ಎಂಬ ಗುಡಿ. ಗುಡಿಯ ಮೂರ್ತಿಯ ಮೇಲೆ ಬಂದವರೆಲ್ಲ ನೀರು ಎರಚಿ ಕೈಮುಗಿಯುತ್ತಾರೆ. ಎಷ್ಟೋ ವರ್ಷ ನೀರು ಬಿದ್ದು ಮೂರ್ತಿಯ ಮೈತುಂಬ ಹಸಿರು ಪಾಚಿ ಬೆಳೆದಿದೆ. ಆ ದೇವರ ಹೆಸರು ಫುದೊ. ನಮ್ಮ ದೇಶದ ಬೌದ್ಧರು ಅವನನ್ನು ‘ಅಚಲ’ ಎಂದು ಕರೆಯುತ್ತಿದ್ದರು.

ಸಮೀಪದಲ್ಲೇ ಬುನ್‌ರಾಕು ಎಂಬ ಗೊಂಬೆಯಾಟದ ರಂಗಮಂದಿರವಿದೆ. ಇದು 1984ರಲ್ಲಿ ತೆರೆಯಿತು. ಬುನ್‌ರಾಕು ಆಟದಲ್ಲಿ ಒಂದು ಮುಖ್ಯ ಗೊಂಬೆಯನ್ನು ಮೂವರು ಆಡಿಸುತ್ತಾರೆ. ಒಬ್ಬರು ತಲೆ ಮತ್ತು ಬಲಗೈ, ಇನ್ನೊಬ್ಬರು ಎಡಗೈ, ಮತ್ತೊಬ್ಬರು ಕಾಲು. ಮೂವರ ಉಸಿರು ಒಂದಾದರೆ ಮಾತ್ರ ಗೊಂಬೆ ಜೀವ ಬಂದಂತೆ ನಡೆಯುತ್ತದೆ.

ನಾಲ್ಕು ದೇವರ ಗುಡಿ, ಆಕಾಶದ ಗೋಪುರ

ಇನ್ನೂ ದಕ್ಷಿಣಕ್ಕೆ ಹೋದರೆ ತೆನ್ನೋಜಿ ಭಾಗ. ಅಲ್ಲಿ ಶಿತೆನ್ನೋಜಿ ಎಂಬ ಬೌದ್ಧ ದೇವಾಲಯವಿದೆ. ರಾಜಕುಮಾರ ಶೋತೊಕು ಇದನ್ನು 593ರಲ್ಲಿ ಸ್ಥಾಪಿಸಿದನು ಎಂದು ಹೇಳುತ್ತಾರೆ. ಆ ಹೆಸರಿನ ಅರ್ಥ ‘ನಾಲ್ಕು ದಿಕ್ಕಿನ ದೇವರಾಜರ ಗುಡಿ’. ಆ ನಾಲ್ವರ ಮೂಲ ಹೆಸರುಗಳನ್ನು ಕೇಳಿರಿ: ಧೃತರಾಷ್ಟ್ರ, ವಿರೂಢಕ, ವಿರೂಪಾಕ್ಷ, ವೈಶ್ರವಣ. ಎಲ್ಲೋ ಕೇಳಿದಂತಿದೆಯಲ್ಲವೇ? ಬೌದ್ಧ ಧರ್ಮದ ಜೊತೆಗೆ ಈ ಹೆಸರುಗಳು ಭಾರತದಿಂದ ಹೊರಟು, ಚೀನಾ ಮತ್ತು ಕೊರಿಯಾ ದಾಟಿ ಜಪಾನನ್ನು ಮುಟ್ಟಿದವು.

ಗುಡಿಯ ಪಶ್ಚಿಮಕ್ಕೆ ಶಿನ್‌ಸೆಕಾಯಿ ಎಂಬ ಹಳೆಯ ಪೇಟೆ. ಇಲ್ಲಿ ತರಕಾರಿ, ಮೀನು, ಮಾಂಸದ ತುಂಡುಗಳನ್ನು ಕಡ್ಡಿಗೆ ಚುಚ್ಚಿ ಕರಿದು ಕೊಡುತ್ತಾರೆ. ಅದಕ್ಕೆ ‘ಕುಶಿಕಾತ್ಸು’ ಎನ್ನುತ್ತಾರೆ. ಹಚ್ಚಿಕೊಳ್ಳುವ ಸಾಸನ್ನು ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಇಡುವುದು ಇಲ್ಲಿಯ ಹಳೆಯ ರೂಢಿ. ಆದ್ದರಿಂದ ಒಂದು ನಿಯಮವಿದೆ: ಒಮ್ಮೆ ಮಾತ್ರ ಅದ್ದಬೇಕು. ಕಚ್ಚಿದ ಮೇಲೆ ಮತ್ತೆ ಅದ್ದಬಾರದು. ಎಂಜಲು ಮಾಡಬಾರದು ಎಂದು ನಿಮ್ಮ ಅಜ್ಜಿ ಹೇಳುವುದೂ ಇದನ್ನೇ ತಾನೇ?

ಈ ಪೇಟೆಯ ನಡುವೆ ತ್ಸೂತೆನ್‌ಕಾಕು ಎಂಬ ಗೋಪುರ ನಿಂತಿದೆ. ಹಾಗೆಂದರೆ ಆಕಾಶಕ್ಕೆ ಹೋಗುವ ಗೋಪುರ. ಮೊದಲ ಗೋಪುರವನ್ನು 1912ರಲ್ಲಿ ಕಟ್ಟಿದ್ದರು. ಎರಡನೆಯ ಮಹಾಯುದ್ಧ ನಡೆದಾಗ, 1943ರಲ್ಲಿ, ಅದಕ್ಕೆ ಬೆಂಕಿ ತಗಲಿತು. ಯುದ್ಧದ ಸಾಮಾನು ಮಾಡಲು ಕಬ್ಬಿಣ ಬೇಕೆಂದು ಅದನ್ನು ಬಿಚ್ಚಿ ಒಯ್ದರು. ಈಗಿರುವುದು 1956ರಲ್ಲಿ ಊರವರು ಮುಂದೆ ನಿಂತು ಮತ್ತೆ ಕಟ್ಟಿಸಿದ ಗೋಪುರ.

ಸುಟ್ಟ ಊರು, ಬಿಸಿ ಶಾವಿಗೆ

ಆ ಯುದ್ಧ ಒಸಾಕಾವನ್ನು ಗೋಪುರದಷ್ಟಕ್ಕೇ ಬಿಡಲಿಲ್ಲ. ಒಸಾಕಾ ಬಟ್ಟೆಗಿರಣಿ ಮತ್ತು ಕಾರಖಾನೆಗಳ ಊರಾಗಿತ್ತು. ಇಲ್ಲಿಯ ಗಿರಣಿಗಳಿಗೆ ನಮ್ಮ ದೇಶದ ಹತ್ತಿಯೂ ಹೋಗುತ್ತಿತ್ತು. ಅದನ್ನು ಸಾಗಿಸಲೆಂದೇ 1893ರಲ್ಲಿ ಮುಂಬಯಿಯಿಂದ ಜಪಾನಿಗೆ ಹಡಗುಮಾರ್ಗ ಆರಂಭವಾಗಿತ್ತು. 1945ರ ಮಾರ್ಚ್ 13ರ ರಾತ್ರಿ ಅಮೆರಿಕದ ವಿಮಾನಗಳು ಊರಿನ ಮೇಲೆ ಬೆಂಕಿಯ ಬಾಂಬುಗಳನ್ನು ಸುರಿಸಿದವು. ಕಟ್ಟಿಗೆಯ ಮನೆಗಳು ಉರಿದವು. ದೋತೊಂಬೊರಿ ಉರಿಯಿತು. ಶಿತೆನ್ನೋಜಿ ಗುಡಿ ಉರಿಯಿತು. ಮುಂದೆ ಆಗಸ್ಟ್‌ವರೆಗೂ ದಾಳಿಗಳು ನಡೆದವು. ಸಾವಿರಾರು ಜನರು ಸತ್ತರು. ಲಕ್ಷಗಟ್ಟಲೆ ಜನರು ಮನೆ ಕಳೆದುಕೊಂಡರು.

ಯುದ್ಧ ಮುಗಿಯಿತು. ಆದರೆ ದೇಶದ ಅಡುಗೆಮನೆಯಲ್ಲಿ ಉಣ್ಣಲು ಅನ್ನವಿರಲಿಲ್ಲ. ನಾವು ಸುತ್ತಾಟ ಆರಂಭಿಸಿದ ಉಮೆದಾ ನಿಮಗೆ ನೆನಪಿದೆಯೇ? ಅಲ್ಲಿಯ ನಿಲ್ದಾಣದ ಹತ್ತಿರ ಜನರು ಬಯಲಲ್ಲೇ ಸಂತೆ ಹಚ್ಚಿದ್ದರು. ಅಲ್ಲಿ ಒಂದು ಬಟ್ಟಲು ಬಿಸಿ ಶಾವಿಗೆಗಾಗಿ ಜನರು ಚಳಿಯಲ್ಲಿ ಉದ್ದನೆಯ ಸಾಲಿನಲ್ಲಿ ನಿಂತಿದ್ದರು. ಆ ಸಾಲನ್ನು ಆಂದೊ ಮೊಮೊಫುಕು ಎಂಬವರು ನೋಡಿದರು. ಆ ನೋಟ ಅವರ ಮನಸ್ಸಿನಲ್ಲಿ ಉಳಿಯಿತು.

ವರ್ಷಗಳ ನಂತರ, ಒಸಾಕಾದ ಉತ್ತರಕ್ಕಿರುವ ಇಕೆದಾ ಎಂಬ ಊರಿನಲ್ಲಿ, ಮನೆಯ ಹಿತ್ತಲಿನ ಚಿಕ್ಕ ಗುಡಿಸಲಿನಲ್ಲಿ ಅವರು ಪ್ರಯೋಗ ಆರಂಭಿಸಿದರು. ಬಿಸಿನೀರು ಹಾಕಿದರೆ ಸಾಕು, ಕೂಡಲೇ ಉಣ್ಣಲು ಸಿದ್ಧವಾಗುವ ಶಾವಿಗೆ ಬೇಕಿತ್ತು. ಅದು ಬಹಳ ದಿನ ಕೆಡದಂತೆಯೂ ಇರಬೇಕಿತ್ತು. ಎಷ್ಟು ಸಲ ಮಾಡಿದರೂ ಸರಿಬರಲಿಲ್ಲ. ಒಂದು ದಿನ ಹೆಂಡತಿ ಎಣ್ಣೆಯಲ್ಲಿ ತಿಂಡಿ ಕರಿಯುವುದನ್ನು ಅವರು ಗಮನಿಸಿದರು. ಕಾದ ಎಣ್ಣೆಗೆ ಬಿದ್ದ ಹಿಟ್ಟಿನಿಂದ ನೀರು ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ನೀರು ಹೋದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಬೆಂದ ಶಾವಿಗೆಯನ್ನೂ ಹೀಗೆ ಕರಿದರೆ ಅದು ಒಣಗುತ್ತದೆ. ಮತ್ತೆ ಬಿಸಿನೀರು ಹಾಕಿದರೆ ಅದೇ ರಂಧ್ರಗಳಲ್ಲಿ ನೀರು ನುಗ್ಗಿ ಶಾವಿಗೆ ಮೆತ್ತಗಾಗುತ್ತದೆ!

ಹೀಗೆ 1958ರ ಆಗಸ್ಟ್ 25ರಂದು ಜಗತ್ತಿನ ಮೊದಲ ದಿಢೀರ್ ಶಾವಿಗೆ ಮಾರಾಟಕ್ಕೆ ಬಂತು. ಈಗ ನಮ್ಮ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ನೂಡಲ್ಸ್ ಪೊಟ್ಟಣ ತೂಗುಹಾಕಿರುತ್ತಾರೆ. ಅದರಲ್ಲಿ ಉಪ್ಪು ಹೆಚ್ಚು. ಅದು ದಿನವೂ ತಿನ್ನುವ ಊಟವಲ್ಲ. ಆದರೆ ಮುಂದೆ ಆ ಪೊಟ್ಟಣವನ್ನು ಕಂಡಾಗ ಚಳಿಯಲ್ಲಿ ನಿಂತಿದ್ದ ಆ ಸಾಲನ್ನು ನೆನೆಯಿರಿ. ಇಕೆದಾದಲ್ಲಿ ಈಗ ಆ ಹಿತ್ತಲ ಗುಡಿಸಲಿನ ಮಾದರಿ ಇರುವ ವಸ್ತುಸಂಗ್ರಹಾಲಯವಿದೆ.

ಮತ್ತೆ ಎದ್ದ ನಗರ

ಒಸಾಕಾ ಮತ್ತೆ ಎದ್ದು ನಿಂತಿತು. 1970ರಲ್ಲಿ ಒಸಾಕಾದ ಹತ್ತಿರ ಜಾಗತಿಕ ಪ್ರದರ್ಶನ ನಡೆಯಿತು. 6 ಕೋಟಿಗೂ ಹೆಚ್ಚು ಜನರು ಬಂದರು. ಅದಕ್ಕಾಗಿ ಕಲಾವಿದ ಒಕಾಮೊತೊ ತಾರೊ ಮಾಡಿದ 70 ಮೀಟರ್ ಎತ್ತರದ ‘ಸೂರ್ಯ ಗೋಪುರ’ ಇಂದಿಗೂ ಇದೆ. 1990ರಲ್ಲಿ ಬಂದರಿನ ಬಳಿ ಕೈಯೂಕಾನ್ ಎಂಬ ದೊಡ್ಡ ಮೀನುಮನೆ ತೆರೆಯಿತು. ಅದರ ಮುಖ್ಯ ತೊಟ್ಟಿ 9 ಮೀಟರ್ ಆಳ. ಜಗತ್ತಿನ ಅತಿ ದೊಡ್ಡ ಜಾತಿಯ ಮೀನಾದ ತಿಮಿಂಗಿಲ ಶಾರ್ಕ್ ಅದರಲ್ಲಿ ಮೆಲ್ಲಗೆ ಈಜುತ್ತದೆ. 1994ರಲ್ಲಿ ಸಮುದ್ರದೊಳಗೆ ಮಣ್ಣು ತುಂಬಿ ಮಾಡಿದ ದ್ವೀಪದ ಮೇಲೆ ವಿಮಾನ ನಿಲ್ದಾಣ ಆರಂಭವಾಯಿತು. 2025ರ ಏಪ್ರಿಲ್ 13ರಿಂದ ಅಕ್ಟೋಬರ್ 13ರವರೆಗೆ ಮತ್ತೊಂದು ಜಾಗತಿಕ ಪ್ರದರ್ಶನ ನಡೆಯಿತು. ಅದರಲ್ಲಿ ನಮ್ಮ ದೇಶದ ಮಂಟಪವೂ ಇತ್ತು.

ಹೊಸದರ ಜೊತೆಗೆ ಹಳೆಯದೂ ಉಳಿದಿದೆ. ಪ್ರತಿವರ್ಷ ಜುಲೈ 24 ಮತ್ತು 25ರಂದು ತೆಂಜಿನ್ ಹಬ್ಬ ನಡೆಯುತ್ತದೆ. ತೆಂಜಿನ್ ವಿದ್ಯೆಯ ದೇವರು. ದೀಪ ಹೊತ್ತ ಸುಮಾರು ನೂರು ದೋಣಿಗಳು ನದಿಯಲ್ಲಿ ಸಾಗುತ್ತವೆ. ಮೇಲೆ ಆಕಾಶದಲ್ಲಿ ಬಾಣಬಿರುಸು.

ಶಾಲೆಯ ಊಟ

ಕೊನೆಗೆ ಒಸಾಕಾದ ಒಂದು ಪ್ರಾಥಮಿಕ ಶಾಲೆಗೆ ಮಧ್ಯಾಹ್ನ ಹೋಗೋಣ. ಊಟದ ಗಂಟೆಯಾಗಿದೆ. ಆ ವಾರದ ಪಾಳಿಯ ಮಕ್ಕಳು ಬಿಳಿ ಅಂಗಿ ಮತ್ತು ಟೊಪ್ಪಿಗೆ ತೊಟ್ಟು, ಊಟದ ಪಾತ್ರೆಗಳನ್ನು ತರಗತಿಗೆ ತರುತ್ತಾರೆ. ತಮ್ಮ ಗೆಳೆಯರಿಗೆ ತಾವೇ ಬಡಿಸುತ್ತಾರೆ. ಅನ್ನ, ಸಾರು, ಪಲ್ಯ, ಹಾಲು. ಎಲ್ಲರಿಗೂ ಬಡಿಸುವವರೆಗೆ ಯಾರೂ ಉಣ್ಣುವುದಿಲ್ಲ. ಆಮೇಲೆ ಎಲ್ಲರೂ ಕೈಜೋಡಿಸಿ “ಇತದಾಕಿಮಾಸ್” ಎನ್ನುತ್ತಾರೆ. ‘ವಿನಯದಿಂದ ಸ್ವೀಕರಿಸುತ್ತೇನೆ’ ಎಂದು ಅದರ ಅರ್ಥ. ಉಂಡ ಮೇಲೆ ಪಾತ್ರೆಗಳನ್ನು ಜೋಡಿಸಿಡುತ್ತಾರೆ.

ಯುದ್ಧದ ನಂತರ ಹಸಿದಿದ್ದ ಮಕ್ಕಳಿಗಾಗಿ ಜಪಾನಿನ ಶಾಲೆಗಳಲ್ಲಿ ಊಟದ ಕೆಲಸ ಮತ್ತೆ ಆರಂಭವಾಯಿತು. 1954ರಲ್ಲಿ ಇದಕ್ಕೊಂದು ಕಾನೂನು ಬಂತು. ನಿಮ್ಮ ಶಾಲೆಯಲ್ಲೂ ಮಧ್ಯಾಹ್ನದ ಊಟ ಇದೆಯಲ್ಲವೇ? ಓಶಿಯೊ ಗುರುಗಳು ಪುಸ್ತಕ ಮಾರಿದ್ದು, ಆಂದೊ ಅವರು ಹಿತ್ತಲಿನಲ್ಲಿ ದುಡಿದದ್ದು, ಹಸಿದವರ ತಟ್ಟೆಗಾಗಿ. ನಾಳೆ ಊಟಕ್ಕೆ ಕುಳಿತಾಗ ಪಕ್ಕದ ಗೆಳೆಯನ ತಟ್ಟೆಯನ್ನೂ ಒಮ್ಮೆ ನೋಡಿರಿ. ಅದು ತುಂಬಿದೆಯೇ?

ಹೊಸ ಶಬ್ದಗಳು

ಉಗ್ರಾಣ – ಧಾನ್ಯ, ಸಾಮಾನು ಕೂಡಿಡುವ ದೊಡ್ಡ ಕೋಣೆ
ಕಂದಾಯ – ಸರಕಾರಕ್ಕೆ ಕೊಡುವ ತೆರಿಗೆ
ವಂತಿಗೆ – ಒಂದು ಕೆಲಸಕ್ಕಾಗಿ ಎಲ್ಲರೂ ಕೂಡಿ ಕೊಡುವ ಹಣ
ಜೀವಾಳ – ಮುಖ್ಯವಾದ ಸತ್ವ
ದಂಗೆ – ಆಳುವವರ ವಿರುದ್ಧ ತಿರುಗಿ ಬೀಳುವುದು
ಅಚಲ – ಅಲುಗಾಡದ, ಸ್ಥಿರವಾದ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಒಸಾಕಾದ ಬಳಿ ಯಾವ ನದಿ ಸಮುದ್ರ ಸೇರುತ್ತದೆ?
2. ‘ಒಕೊನೊಮಿ’ ಎಂದರೇನು?
3. ದೋತೊಂಬೊರಿಗೆ ಆ ಹೆಸರು ಏಕೆ ಬಂತು?
4. ಬುನ್‌ರಾಕು ಆಟದಲ್ಲಿ ಒಂದು ಗೊಂಬೆಯನ್ನು ಎಷ್ಟು ಜನ ಆಡಿಸುತ್ತಾರೆ?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಒಸಾಕಾವನ್ನು ‘ದೇಶದ ಅಡುಗೆಮನೆ’ ಎಂದು ಏಕೆ ಕರೆದರು?
2. ಕರಿದ ಶಾವಿಗೆ ಬಿಸಿನೀರಿನಲ್ಲಿ ಬೇಗನೆ ಮೆತ್ತಗಾಗುವುದು ಏಕೆ?
3. ಒಸಾಕಾದ ಜನರು ತಮ್ಮ ಹಣದಿಂದ ಏನೇನು ಕಟ್ಟಿಸಿದರು?

ಇ) ಹೊಂದಿಸಿ ಬರೆಯಿರಿ.
1. ಕೊಂಬು – 1956
2. ಕಿತ್ಸುನೆ – ಅಕ್ಕಿಯ ಪೇಟೆ
3. ದೋಜಿಮಾ – ಕಡಲಪಾಚಿ
4. ಈಗಿನ ತ್ಸೂತೆನ್‌ಕಾಕು – ನರಿ

ಈ) ಯೋಚಿಸಿ ಹೇಳಿರಿ.
1. ಉಗ್ರಾಣದಲ್ಲಿ ಅಕ್ಕಿ ಇದ್ದರೂ ಜನರು ಹಸಿದದ್ದು ಏಕೆ?
2. ಓಶಿಯೊ ಗುರುಗಳ ಯಾವ ಕೆಲಸ ನಿಮಗೆ ಹಿಡಿಸಿತು? ಯಾವುದು ಹಿಡಿಸಲಿಲ್ಲ? ಏಕೆ?

ಉ) ಮಾಡಿ ನೋಡಿರಿ.
ನಿಮ್ಮ ಊರಿನ ಹೆಸರಾದ ಒಂದು ತಿನಿಸನ್ನು ಆರಿಸಿಕೊಳ್ಳಿರಿ. ಅದರಲ್ಲಿ ಹಾಕುವ ಒಂದೊಂದು ಪದಾರ್ಥವೂ ಎಲ್ಲಿ ಬೆಳೆಯುತ್ತದೆ, ನಿಮ್ಮ ಮನೆಗೆ ಹೇಗೆ ಬರುತ್ತದೆ ಎಂದು ಹಿರಿಯರನ್ನು ಕೇಳಿ ತಿಳಿಯಿರಿ. ಹತ್ತು ವಾಕ್ಯಗಳಲ್ಲಿ ಬರೆದು ತರಗತಿಯಲ್ಲಿ ಓದಿರಿ.